ಮೆಟ್ಟಿಲು ಹತ್ತಲೊಪ್ಪದವರ ಕಲೆ

ನ್ಯೂಯಾರ್ಕ್ ನಗರದ ಹಡ್ಸನ್ ಯಾರ್ಡ್ಸ್ ಬಡಾವಣೆಯಲ್ಲಿ 2019ರ ಮಾರ್ಚ್ 15ರಂದು ಜೇನುಗೂಡನ್ನು ಹೋಲುವ ಭಾರಿ ರಚನೆಯೊಂದು ಸಾರ್ವಜನಿಕರಿಗೆ ತೆರೆದುಕೊಂಡಿತು. ‘ವೆಸೆಲ್’ ಎಂಬುದು ಅದರ ಹೆಸರು. ಬ್ರಿಟಿಷ್ ವಿನ್ಯಾಸಕಾರ ಥಾಮಸ್ ಹೆದರ್‌ವಿಕ್ ರೂಪಿಸಿದ ಈ ರಚನೆಯ ಎತ್ತರ ಸುಮಾರು 46 ಮೀಟರ್. ಒಳಗೆ ಕೋಣೆಗಳಿಲ್ಲ, ಅಂಗಡಿಗಳಿಲ್ಲ. ಇರುವುದೆಲ್ಲ ಮೆಟ್ಟಿಲುಗಳೇ. ಒಂದಕ್ಕೊಂದು ಹೆಣೆದುಕೊಂಡ 154 ಮೆಟ್ಟಿಲುಸಾಲುಗಳು, ಸುಮಾರು 2,500 ಮೆಟ್ಟಿಲುಗಳು, ನಡುನಡುವೆ 80 ಜಗಲಿಗಳು. ರಾಜಸ್ಥಾನದಂತಹ ಕಡೆಗಳಲ್ಲಿರುವ ಮೆಟ್ಟಿಲುಬಾವಿಗಳು ಈ ವಿನ್ಯಾಸಕ್ಕೆ ಪ್ರೇರಣೆ ಎಂದು ಹೇಳಲಾಗಿತ್ತು. ಏರುವುದು, ಇಳಿಯುವುದು, ಎತ್ತರದಿಂದ ನಗರವನ್ನು ನೋಡುವುದು, ಇದಿಷ್ಟೇ ಅದರ ಉದ್ದೇಶ.

ಏರಲಾಗದವರು ಏನು ಮಾಡಬೇಕು? ಲಿಫ್ಟ್ ಇತ್ತಾದರೂ ಅದು ತಲುಪುತ್ತಿದ್ದುದು ಬೆರಳೆಣಿಕೆಯ ಜಗಲಿಗಳನ್ನು ಮಾತ್ರ. ಈ ಪ್ರಶ್ನೆಗೆ ಉತ್ತರ ಮರುತಿಂಗಳೇ ಬಂದಿತು. ಅದು ಬಂದದ್ದು ದೂರಿನ ರೂಪದಲ್ಲಲ್ಲ, ಕಲಾಕೃತಿಯ ರೂಪದಲ್ಲಿ. ನಡೆಯಲು ಹಾಗೂ ಹೆಚ್ಚು ಹೊತ್ತು ನಿಲ್ಲಲು ಕಷ್ಟಪಡುವ ಕಲಾವಿದ ಫಿನೆಗನ್ ಶಾನನ್ ಅವರು ವೆಸೆಲ್‌ನ ಬುಡದಲ್ಲಿ ‘ಮೆಟ್ಟಿಲು ವಿರೋಧಿ ಸಂಘದ ವಿಶ್ರಾಂತಿ ಕೊಠಡಿ’ಯೊಂದನ್ನು ತೆರೆದರು. ಕೊಠಡಿ ಎಂಬುದು ಹೆಸರಿಗಷ್ಟೇ. ಅಲ್ಲಿದ್ದುದು ಆಸನಗಳು, ಮೆತ್ತೆಗಳು, ತಿಂಡಿ, ಕಿತ್ತಳೆ ಬಣ್ಣದ ಟೋಪಿಗಳು ಮತ್ತು ಸುಮಾರು ಐವತ್ತು ಜನರ ಒಡನಾಟ. ಪ್ರವೇಶ ಶುಲ್ಕ ಹಣವಲ್ಲ, ಒಂದು ಸಹಿ. ಬದುಕಿರುವವರೆಗೂ ವೆಸೆಲ್‌ನ ಒಂದೇ ಒಂದು ಮೆಟ್ಟಿಲನ್ನೂ ಹತ್ತುವುದಿಲ್ಲವೆಂಬ ಪ್ರತಿಜ್ಞೆಗೆ ಬಂದವರೆಲ್ಲರೂ ಸಹಿ ಹಾಕಬೇಕಾಗಿತ್ತು. ಹತ್ತಲು ಸಾಧ್ಯವಿದ್ದವರೂ ಅದಕ್ಕೆ ಹೊರತಾಗಿರಲಿಲ್ಲ.

ಮೇಲ್ನೋಟಕ್ಕೆ ಇದು ತಮಾಷೆಯಂತೆ ಕಾಣುತ್ತದೆ. ಆದರೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಮೊದಲಾದ ದೇಶಗಳಲ್ಲಿ ಬೆಳೆದು ಬಂದಿರುವ ಒಂದು ಗಂಭೀರ ಕಲಾಪರಂಪರೆಯ ಕೊಂಡಿ ಇದು. ಬೀದಿ, ಪಾದಚಾರಿ ಮಾರ್ಗ, ಮೆಟ್ಟಿಲು, ಬಾಗಿಲು, ಆಸನ, ಫಲಕ ಇವುಗಳನ್ನೇ ವಸ್ತುವಾಗಿಸಿಕೊಂಡು ವಿಕಲಚೇತನ ಕಲಾವಿದರು ನಗರವನ್ನು ಪ್ರಶ್ನಿಸುತ್ತಿದ್ದಾರೆ. ನಗರ ಯಾರಿಗಾಗಿ ಕಟ್ಟಲ್ಪಟ್ಟಿದೆ, ಯಾರನ್ನು ಮರೆತು ಕಟ್ಟಲ್ಪಟ್ಟಿದೆ ಎಂಬುದೇ ಆ ಪ್ರಶ್ನೆ.

ದೋಷ ದೇಹದಲ್ಲೋ, ಕಟ್ಟಡದಲ್ಲೋ?

ಈ ಕಲೆಯನ್ನು ಅರ್ಥಮಾಡಿಕೊಳ್ಳಲು ಅದರ ಹಿಂದಿರುವ ಒಂದು ವಿಚಾರವನ್ನು ತಿಳಿಯಬೇಕಾಗುತ್ತದೆ. ಅಂಗವೈಕಲ್ಯವೆಂದರೆ ವ್ಯಕ್ತಿಯ ದೇಹದಲ್ಲಿರುವ ಕೊರತೆ, ಅದನ್ನು ವೈದ್ಯರು ಸರಿಪಡಿಸಬೇಕು, ಆಗದಿದ್ದರೆ ಸಮಾಜ ಅನುಕಂಪ ತೋರಬೇಕು ಎಂಬುದು ಬಹುಕಾಲದಿಂದ ಬಂದ ನಂಬಿಕೆ. 1970ರ ದಶಕದಲ್ಲಿ ಬ್ರಿಟನ್ನಿನ ವಿಕಲಚೇತನ ಕಾರ್ಯಕರ್ತರು ಈ ನಂಬಿಕೆಯನ್ನು ತಲೆಕೆಳಗು ಮಾಡಿದರು. ದೈಹಿಕ ಮಿತಿ ಬೇರೆ, ಅದರಿಂದಾಗಿ ಸಮಾಜ ಹೇರುವ ಅಸಾಮರ್ಥ್ಯ ಬೇರೆ ಎಂಬುದು 1976ರಲ್ಲಿ ಅವರು ಮುಂದಿಟ್ಟ ವಾದ. ಗಾಲಿಕುರ್ಚಿಯಲ್ಲಿರುವ ವ್ಯಕ್ತಿ ಗ್ರಂಥಾಲಯದೊಳಕ್ಕೆ ಹೋಗಲಾಗದಿದ್ದರೆ ಅದಕ್ಕೆ ಕಾರಣ ಆತನ ಕಾಲುಗಳಲ್ಲ, ಬಾಗಿಲಿನ ಮುಂದಿರುವ ಮೂರು ಮೆಟ್ಟಿಲುಗಳು. ಮೈಕ್ ಆಲಿವರ್ ಎಂಬ ವಿಕಲಚೇತನ ಸಮಾಜಶಾಸ್ತ್ರಜ್ಞ 1980ರ ದಶಕದಲ್ಲಿ ಇದಕ್ಕೆ ‘ಸಾಮಾಜಿಕ ಮಾದರಿ’ ಎಂದು ಹೆಸರಿಟ್ಟರು.

ಈ ವಿಚಾರ ಕಲೆಯ ದಿಕ್ಕನ್ನೂ ಬದಲಿಸಿತು. ಅದಕ್ಕೆ ಮುಂಚೆ ವಿಕಲಚೇತನ ಕಲಾವಿದರಿರಲಿಲ್ಲವೆಂದಲ್ಲ. ಭಾರತದಲ್ಲೇ ಬಿನೋದ್ ಬಿಹಾರಿ ಮುಖರ್ಜಿ ಅವರು ದೃಷ್ಟಿ ಕಳೆದುಕೊಂಡ ನಂತರವೂ ಶಾಂತಿನಿಕೇತನದ ಕಲಾಭವನದಲ್ಲಿ ಹೆಂಚಿನ ಭಿತ್ತಿಚಿತ್ರ ರಚಿಸಿದರು. ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡ ಸತೀಶ್ ಗುಜ್ರಾಲ್ ಅವರು ದಿಲ್ಲಿಯ ಬೆಲ್ಜಿಯಂ ರಾಯಭಾರ ಕಚೇರಿಯ ಕಟ್ಟಡವನ್ನು ವಿನ್ಯಾಸಗೊಳಿಸಿದರು. ಇಂತಹ ಸಾಧಕರನ್ನು ನೋಡುವವರು ‘ನ್ಯೂನತೆಯನ್ನು ಮೆಟ್ಟಿ ನಿಂತವರು’ ಎಂದು ಹೊಗಳುವುದು ವಾಡಿಕೆ. ಹೊಸ ತಲೆಮಾರಿನ ಕಲಾವಿದರಿಗೆ ಈ ಹೊಗಳಿಕೆ ಬೇಕಿಲ್ಲ. ಮೆಟ್ಟಿ ನಿಲ್ಲಬೇಕಾದ್ದು ತಮ್ಮ ನ್ಯೂನತೆಯನ್ನಲ್ಲ, ದಾರಿಗೆ ಅಡ್ಡ ಬಂದಿರುವ ಮೆಟ್ಟಿಲನ್ನು ಎಂಬುದು ಅವರ ನಿಲುವು.

ಬೀದಿಯಲ್ಲೇ ಹುಟ್ಟಿದ್ದು

ಈ ಕಲೆಯ ಬೇರು ಇರುವುದು ಕಲಾಶಾಲೆಗಳಲ್ಲಿ ಅಲ್ಲ, ಬೀದಿ ಚಳವಳಿಗಳಲ್ಲಿ. ಅಮೆರಿಕದ ಬರ್ಕ್ಲಿ ನಗರದಲ್ಲಿ 1970ರ ದಶಕದ ಆರಂಭದಲ್ಲಿ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗಳ ಒತ್ತಾಯದಿಂದಾಗಿ ಪಾದಚಾರಿ ಮಾರ್ಗದ ಅಂಚುಗಲ್ಲನ್ನು ತಗ್ಗಿಸಿ ರಸ್ತೆಗೆ ಇಳಿಜಾರು ಕೊಡುವ ಕೆಲಸ ಶುರುವಾಯಿತು. ಇಂದು ಸೂಟ್‌ಕೇಸ್ ಎಳೆಯುವ ಪ್ರಯಾಣಿಕ, ಮಗುವಿನ ಗಾಡಿ ತಳ್ಳುವ ತಾಯಿ, ಸರಕು ಸಾಗಿಸುವ ಕೆಲಸಗಾರ ಎಲ್ಲರೂ ಅದನ್ನೇ ಬಳಸುತ್ತಾರೆ. ಕೆಲವರಿಗಾಗಿ ಮಾಡಿದ ಸೌಕರ್ಯ ಎಲ್ಲರಿಗೂ ಒದಗಿ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನಲ್ಲಿ ನಡೆದದ್ದು ಇನ್ನೂ ತೀಕ್ಷ್ಣವಾದುದು. ವಿಕಲಚೇತನರ ಹಕ್ಕುಗಳ ಮಸೂದೆ ನೆನೆಗುದಿಗೆ ಬಿದ್ದಿದ್ದಾಗ ಸುಮಾರು 60 ಮಂದಿ ತಮ್ಮ ಗಾಲಿಕುರ್ಚಿ, ಊರುಗೋಲುಗಳನ್ನು ಕೆಳಗೇ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಏರಿದರು. ಅವರಲ್ಲಿ ಎಂಟು ವರ್ಷದ ಬಾಲಕಿಯೂ ಇದ್ದಳು. ಭಾಷಣವಿಲ್ಲದೆಯೇ ಆ ದೃಶ್ಯ ಎಲ್ಲವನ್ನೂ ಹೇಳಿತು. ಅದೇ ವರ್ಷದ ಜುಲೈ 26ರಂದು ಮಸೂದೆಗೆ ಅಧ್ಯಕ್ಷರ ಸಹಿ ಬಿದ್ದು ಕಾನೂನಾಯಿತು. ದೇಹವನ್ನೇ ಸಾಕ್ಷಿಯಾಗಿಸಿ ಕಟ್ಟಡದ ಅನ್ಯಾಯವನ್ನು ಕಣ್ಣಿಗೆ ಕಾಣಿಸುವ ಈ ವಿಧಾನವನ್ನೇ ಮುಂದೆ ಕಲಾವಿದರು ತಮ್ಮದಾಗಿಸಿಕೊಂಡರು.

ಬ್ರಿಟನ್ನಿನಲ್ಲಿ ಹೋರಾಟ ಮತ್ತು ಕಲೆ ಜೊತೆಜೊತೆಯಾಗಿಯೇ ಸಾಗಿದವು. ದೂರದರ್ಶನದಲ್ಲಿ ವಿಕಲಚೇತನರನ್ನು ಕರುಣಾಜನಕವಾಗಿ ತೋರಿಸಿ ದೇಣಿಗೆ ಎತ್ತುತ್ತಿದ್ದ ‘ಟೆಲಿಥಾನ್’ ಕಾರ್ಯಕ್ರಮದ ವಿರುದ್ಧ 1992ರಲ್ಲಿ ಪ್ರತಿಭಟನೆ ನಡೆದಾಗ, ಗಾಲಿಕುರ್ಚಿ ಬಳಸುವ ಶಿಲ್ಪಿ ಟೋನಿ ಹೀಟನ್ ಅವರು 1,760 ದೇಣಿಗೆ ಡಬ್ಬಿಗಳನ್ನು ಪಿರಮಿಡ್ಡಿನಂತೆ ಪೇರಿಸಿ, ಅದಕ್ಕೆ ಕೃತಕ ಕಾಲೊಂದನ್ನು ಎಸೆದು ಉರುಳಿಸಿದರು. ಬೇಕಿರುವುದು ಭಿಕ್ಷೆಯಲ್ಲ, ಹಕ್ಕು ಎಂಬ ಮಾತನ್ನು ಹೇಳಲು ಬೇರೆ ವಿವರಣೆ ಬೇಕಾಗಲಿಲ್ಲ. ಆ ವರ್ಷದ ನಂತರ ಬ್ರಿಟನ್ನಿನಲ್ಲಿ ಅಂತಹ ಟೆಲಿಥಾನ್ ಮತ್ತೆ ನಡೆಯಲಿಲ್ಲ.

ಹೀಟನ್ ಅವರ ಇನ್ನೊಂದು ಕೃತಿ ನೇರವಾಗಿ ರಸ್ತೆಗೇ ಸಂಬಂಧಿಸಿದ್ದು. ಬ್ರಿಟನ್ನಿನ ಸರಕಾರ ಹಲವು ದಶಕಗಳ ಕಾಲ ವಿಕಲಚೇತನರಿಗೆ ‘ಇನ್ವಾಕಾರ್’ ಎಂಬ ಮೂರು ಚಕ್ರದ ತಿಳಿನೀಲಿ ವಾಹನವನ್ನು ನೀಡುತ್ತಿತ್ತು. ಅದರಲ್ಲಿದ್ದುದು ಒಂದೇ ಆಸನ. ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ, ಸ್ನೇಹಿತರನ್ನಾಗಲಿ ಜೊತೆಗೆ ಕರೆದೊಯ್ಯುವಂತಿರಲಿಲ್ಲ. ಬಣ್ಣ ನೋಡಿದರೇ ಒಳಗಿರುವವರು ಯಾರೆಂದು ದಾರಿಹೋಕರಿಗೆ ತಿಳಿಯುತ್ತಿತ್ತು. ಸುರಕ್ಷತೆಯ ಕಾರಣದಿಂದ 2003ರಲ್ಲಿ ಈ ವಾಹನಗಳನ್ನು ರಸ್ತೆಯಿಂದ ಹಿಂತೆಗೆಯಲಾಯಿತು. ಹೀಟನ್ ಅಂಥದೊಂದು ವಾಹನಕ್ಕೆ ಚಿನ್ನದ ಬಣ್ಣ ಬಳಿದು ‘ಗೋಲ್ಡ್ ಲಮೇ’ ಎಂದು ಹೆಸರಿಟ್ಟರು. 2018ರಲ್ಲಿ ಅದು ಲಿವರ್‌ಪೂಲ್ ನಗರದ ಸೇಂಟ್ ನಿಕೊಲಸ್ ಚರ್ಚಿನ ಬಳಿಯ ಶಿಲ್ಪಪೀಠವನ್ನೇರಿತು. ಒಂದು ಕಾಲಕ್ಕೆ ಅವಮಾನದ ಗುರುತಾಗಿದ್ದ ವಾಹನ, ಸೇನಾನಿಗಳ ಪ್ರತಿಮೆಯಂತೆ ಊರಿನ ನಡುವೆ ಎತ್ತರದಲ್ಲಿ ಹೊಳೆಯಿತು.

ಇಳಿಜಾರೇ ಕಲಾಕೃತಿ

2014ರ ಜನವರಿಯಲ್ಲಿ ನ್ಯೂಯಾರ್ಕಿನ ಎಸೆಕ್ಸ್ ಸ್ಟ್ರೀಟ್ ಗ್ಯಾಲರಿಗೆ ಬಂದವರಿಗೆ ನೆಲದ ಮೇಲೆ ಸಾಲಾಗಿ ಜೋಡಿಸಿದ ಹಲಗೆಗಳು, ತಗಡುಗಳು ಕಾಣಿಸಿದವು. ಕೆಲವು ಒರಟು ಮರದವು, ಕೆಲವು ಲೋಹದವು, ಕೆಲವು ಕೈಗೆ ಸಿಕ್ಕ ಸಾಮಗ್ರಿಯಲ್ಲಿ ಅವಸರದಲ್ಲಿ ಮಾಡಿದವು. ಗಾಲಿಕುರ್ಚಿ ಬಳಸುವ ಕಲಾವಿದೆ ಪಾರ್ಕ್ ಮೆಕಾರ್ಥರ್ ವಿವಿಧ ಸಂಸ್ಥೆಗಳಿಂದ ಒಟ್ಟುಮಾಡಿ ತಂದ ಇಪ್ಪತ್ತು ಇಳಿಜಾರುಗಳು ಅವು. ಪ್ರದರ್ಶನದ ಹೆಸರೂ ‘ರ್‍ಯಾಂಪ್ಸ್’ ಎಂದೇ. ಗೋಡೆಯ ಮೇಲೆ ವಾಹನ ನಿಲುಗಡೆಯ ನೀಲಿ ಬಿಳಿ ಫಲಕಗಳಿದ್ದವು, ಆದರೆ ಅವುಗಳ ಮೇಲೆ ಅಕ್ಷರಗಳಿರಲಿಲ್ಲ.

ಇದರಲ್ಲಿ ಕಲೆ ಎಲ್ಲಿದೆ ಎಂದು ಕೇಳಬಹುದು. ಇಳಿಜಾರು ತನ್ನ ಜಾಗದಲ್ಲಿದ್ದಾಗ ಅದನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿಂದ ತೆಗೆದು ನೆಲದ ಮೇಲಿಟ್ಟಾಗ ಮೊದಲ ಬಾರಿಗೆ ಅದು ವಸ್ತುವಾಗಿ ಕಾಣುತ್ತದೆ. ಅದರ ಮೇಲಿನ ಗೀರುಗಳು, ಸವೆದ ಅಂಚುಗಳು, ಬಾಗಿದ ಹಲಗೆಗಳು ಕಾಣುತ್ತವೆ. ಕಟ್ಟಡಕ್ಕೆ ಲಕ್ಷಾಂತರ ಖರ್ಚು ಮಾಡಿದವರು ಗಾಲಿಕುರ್ಚಿಯ ದಾರಿಯನ್ನು ಮಾತ್ರ ಉಳಿದ ತುಂಡುಹಲಗೆಯಲ್ಲಿ ಮುಗಿಸಿದ್ದಾರೆ ಎಂಬುದು ಮಾತಿಲ್ಲದೆ ಬಯಲಾಗುತ್ತದೆ. ಒಂದು ಇಳಿಜಾರು ಗ್ಯಾಲರಿಗೆ ಬಂದರೆ ಅದು ಮೊದಲಿದ್ದ ಬಾಗಿಲಿನ ಮುಂದೆ ಮೆಟ್ಟಿಲು ಮಾತ್ರ ಉಳಿಯುತ್ತದೆ ಎಂಬ ಯೋಚನೆ ನೋಡುಗರನ್ನು ಕಾಡದೆ ಬಿಡುವುದಿಲ್ಲ.

ಇಳಿಜಾರಿನ ಲೆಕ್ಕಾಚಾರ ತಿಳಿದವರಿಗೆ ಈ ಪ್ರದರ್ಶನದ ಅರ್ಥ ಇನ್ನಷ್ಟು ಆಳವಾಗಿ ತಟ್ಟುತ್ತದೆ. ಸಾಮಾನ್ಯವಾಗಿ ಒಪ್ಪಿತವಾಗಿರುವ ಗರಿಷ್ಠ ಪ್ರಮಾಣ 1:12. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಕೇವಲ 150 ಮಿಲಿಮೀಟರ್ ಎತ್ತರದ ಅಂಚುಗಲ್ಲಿಗೂ 1.8 ಮೀಟರ್ ಉದ್ದ ಬೇಕಾಗುತ್ತದೆ. ಮೂರಡಿ ಹಲಗೆಯನ್ನು ಎರಡು ಮೆಟ್ಟಿಲುಗಳ ಮೇಲೆ ಒರಗಿಸಿದರೆ ಅದು ಕಣ್ಣಿಗೆ ಇಳಿಜಾರಿನಂತೆ ಕಂಡರೂ ಗಾಲಿಕುರ್ಚಿಯ ಪಾಲಿಗೆ ಜಾರುಬಂಡೆಯೇ ಸರಿ.

ಕಣ್ಣು ಮುಚ್ಚಿ ನಡೆದಾಗ

ಕೆನಡಾದ ವ್ಯಾಂಕೂವರ್ ನಗರದ ಕಾರ್ಮೆನ್ ಪಪಾಲಿಯಾ ಅವರಿಗೆ ದೃಷ್ಟಿ ಕ್ರಮೇಣ ಕುಂದಿತು. ತಮ್ಮನ್ನು ‘ಕುರುಡ’ ಎಂದು ಕರೆದುಕೊಳ್ಳುವ ಬದಲು, ಕಣ್ಣಿನ ಹೊರತಾದ ಇಂದ್ರಿಯಗಳಿಂದ ಕಲಿಯುವವ ಎಂದು ಅವರು ಹೇಳಿಕೊಳ್ಳುತ್ತಾರೆ. 2010ರಿಂದ ಅವರು ಹಲವು ನಗರಗಳಲ್ಲಿ ನಡೆಸಿಕೊಂಡು ಬಂದ ನಡಿಗೆ ಸರಳವಾದುದು. ಭಾಗವಹಿಸುವವರು ಒಬ್ಬರ ಹಿಂದೊಬ್ಬರು ನಿಂತು, ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸಾಲಿನ ತಲೆಯಲ್ಲಿ ಕೋಲು ಹಿಡಿದ ಪಪಾಲಿಯಾ ಇರುತ್ತಾರೆ. ಗುಂಡಿ, ಮೆಟ್ಟಿಲು, ಕಂಬ ಎದುರಾದಾಗ ಅವರ ಎಚ್ಚರಿಕೆಯ ಮಾತು ಒಬ್ಬರಿಂದೊಬ್ಬರಿಗೆ ಸಾಗಿ ಕೊನೆಯವರನ್ನು ತಲುಪುತ್ತದೆ.

ಕುರುಡುತನದ ಕಷ್ಟವನ್ನು ಅನುಭವಿಸಿ ಅಯ್ಯೋ ಎನ್ನಿಸುವುದು ಇದರ ಉದ್ದೇಶವಲ್ಲ. ದಿನವೂ ನಡೆದಾಡುವ ಬೀದಿಯಲ್ಲಿ ಎಷ್ಟು ಬಗೆಯ ಸದ್ದು, ವಾಸನೆ, ಬಿಸಿಲು ನೆರಳು, ಏರುತಗ್ಗುಗಳಿವೆ ಎಂಬುದು ಕಣ್ಣು ಮುಚ್ಚಿದಾಗಲೇ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ದಾರಿ ತೋರಿಸುವವರು ಯಾರು, ನಂಬಿ ಹಿಂಬಾಲಿಸುವವರು ಯಾರು ಎಂಬ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ.

ಅವರ ಇನ್ನೊಂದು ಪ್ರಯೋಗ 2013ರದು. ಕ್ಯಾಲಿಫೋರ್ನಿಯಾದ ಸಾಂಟಾ ಆನಾ ನಗರದಲ್ಲಿ ಅವರು ಬಿಳಿ ಕೋಲನ್ನು ಬದಿಗಿಟ್ಟರು. ಅದರ ಬದಲಿಗೆ ಪ್ರೌಢಶಾಲೆಯೊಂದರ ವಾದ್ಯವೃಂದ ಅವರಿಗೆ ದಾರಿ ತೋರಿಸಿತು. ಪಾದಚಾರಿ ಮಾರ್ಗದ ಅಂಚು ಬಂದರೆ, ಅಡ್ಡಿ ಎದುರಾದರೆ ವಾದ್ಯಗಳ ಸ್ವರವೇ ಸೂಚನೆ. ಬಿಳಿ ಕೋಲು ಹಿಡಿದವರನ್ನು ಜನ ಮರುಕದಿಂದ ನೋಡುತ್ತಾರೆ ಇಲ್ಲವೇ ಪಕ್ಕಕ್ಕೆ ಸರಿಯುತ್ತಾರೆ. ಇಡೀ ವಾದ್ಯವೃಂದ ಹಿಂಬಾಲಿಸಿದರೆ? ದಾರಿ ಹುಡುಕುವ ಕೆಲಸ ಮೆರವಣಿಗೆಯಾಗುತ್ತದೆ. ಸಹಾಯಕ ಸಾಧನವೆಂದರೆ ಕೋಲು, ಯಂತ್ರ ಮಾತ್ರವಲ್ಲ, ಒಂದು ಸಮುದಾಯವೂ ಆಗಬಹುದು ಎಂಬುದು ಇದರ ತಾತ್ಪರ್ಯ. ಸುಗಮ ಪ್ರವೇಶವೆಂದರೆ ಪಟ್ಟಿ ನೋಡಿ ಗುರುತು ಹಾಕಿ ಮುಗಿಸುವ ಕೆಲಸವಲ್ಲ, ಜನರ ನಡುವೆ ಸದಾ ನವೀಕರಿಸಿಕೊಳ್ಳಬೇಕಾದ ವಿಶ್ವಾಸ ಎಂದು ಪಪಾಲಿಯಾ ಪ್ರತಿಪಾದಿಸುತ್ತಾರೆ.

ಸದ್ದಿಗೂ ಒಂದು ಅಡಿಬರಹ

ಸಾರ್ವಜನಿಕ ಸ್ಥಳದ ತೊಡಕುಗಳೆಲ್ಲ ಕಲ್ಲು ಸಿಮೆಂಟಿನವಲ್ಲ. ರೈಲು ನಿಲ್ದಾಣದ ಘೋಷಣೆ, ಬಸ್ ನಿರ್ವಾಹಕರ ಕೂಗು, ಹಿಂದಿನಿಂದ ಬರುವ ವಾಹನದ ಹಾರ್ನ್, ಇವೆಲ್ಲ ಕಿವಿ ಕೇಳುವವರನ್ನು ಮಾತ್ರ ಗಮನದಲ್ಲಿಟ್ಟುಕೊಂಡ ವ್ಯವಸ್ಥೆಗಳು. ಹುಟ್ಟಿನಿಂದಲೇ ಕಿವುಡರಾದ, ಬರ್ಲಿನ್‌ನಲ್ಲಿ ನೆಲೆಸಿರುವ ಅಮೆರಿಕದ ಕಲಾವಿದೆ ಕ್ರಿಸ್ಟೀನ್ ಸುನ್ ಕಿಮ್ ಅವರು 2021ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅಂತಾರಾಷ್ಟ್ರೀಯ ಉತ್ಸವಕ್ಕಾಗಿ ಇಡೀ ನಗರಕ್ಕೇ ಅಡಿಬರಹ ಬರೆದರು. ಚಲನಚಿತ್ರದ ತೆರೆಯ ಕೆಳಗೆ ಮೂಡುವ ಸಾಲುಗಳಂತೆ, ಕಟ್ಟಡಗಳ ಮೇಲೆ ಭಾರಿ ಅಕ್ಷರಗಳಲ್ಲಿ ಸದ್ದಿನ ವಿವರಣೆಗಳು ಕಾಣಿಸಿಕೊಂಡವು. ಸದ್ದು ಎಂಬುದು ಕೇಳುವವರ ಸೊತ್ತಷ್ಟೇ ಅಲ್ಲ, ಅದನ್ನು ಓದಬಹುದು, ನೋಡಬಹುದು, ಊಹಿಸಬಹುದು ಎಂದು ಆ ಬರಹಗಳು ಹೇಳಿದವು. ಅಡಿಬರಹದ ಅಗತ್ಯವಿಲ್ಲದವರೂ ತಲೆಯೆತ್ತಿ ಓದಿದರು.

ಒಂದು ವರ್ಷ ಮುಂಚೆ, 2020ರ ಫೆಬ್ರವರಿ 2ರಂದು, ಇದೇ ಕಲಾವಿದೆ ಮಿಯಾಮಿಯಲ್ಲಿ ನಡೆದ ಸೂಪರ್ ಬೌಲ್ ಪಂದ್ಯದ ಆರಂಭದಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ಸಂಜ್ಞಾ ಭಾಷೆಯಲ್ಲಿ ಪ್ರಸ್ತುತಪಡಿಸಿದ್ದರು. ದೂರದರ್ಶನದ ಪ್ರಸಾರದಲ್ಲಿ ಅವರು ಕಾಣಿಸಿಕೊಂಡದ್ದು ಕೆಲವೇ ಕ್ಷಣ. ಉಳಿದ ವೇಳೆ ಕ್ಯಾಮೆರಾ ಆಟಗಾರರತ್ತ ತಿರುಗಿತ್ತು. ಮನೆಯಲ್ಲಿ ಕುಳಿತಿದ್ದ ಕಿವುಡ ವೀಕ್ಷಕರಿಗೆ ಗೀತೆ ನಡುವೆಯೇ ತುಂಡಾಯಿತು. ಕಿಮ್ ಇದನ್ನು ಪತ್ರಿಕಾ ಲೇಖನದಲ್ಲಿ ಬಹಿರಂಗವಾಗಿಯೇ ಟೀಕಿಸಿದರು. ವೇದಿಕೆಗೆ ಕರೆದ ಮಾತ್ರಕ್ಕೆ ಪ್ರವೇಶ ಸಿಕ್ಕಂತಾಗುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಫಲಕದ ಮೇಲಿನ ಮನುಷ್ಯ

ಜಗತ್ತಿನ ಎಲ್ಲೆಡೆ ಕಾಣುವ ನೀಲಿ ಬಿಳಿ ಗಾಲಿಕುರ್ಚಿ ಚಿಹ್ನೆಯನ್ನು ಮೊದಲು ಬರೆದವರು ಡೆನ್ಮಾರ್ಕಿನ ವಿನ್ಯಾಸ ವಿದ್ಯಾರ್ಥಿನಿ ಸುಸಾನ್ ಕೋಫೋಡ್. 1968ರ ಆ ಮೊದಲ ಚಿತ್ರದಲ್ಲಿದ್ದುದು ಬರಿಯ ಕುರ್ಚಿ, ಮನುಷ್ಯನಿರಲಿಲ್ಲ. ಮರುವರ್ಷ ಅದಕ್ಕೆ ತಲೆಯಂತಹ ಒಂದು ವೃತ್ತವನ್ನು ಸೇರಿಸಲಾಯಿತು. 2010ರ ಸುಮಾರಿಗೆ ಅಮೆರಿಕದ ಬಾಸ್ಟನ್ ನಗರದಲ್ಲಿ ಸಾರಾ ಹೆಂಡ್ರೆನ್ ಮತ್ತು ಬ್ರಯನ್ ಗ್ಲೆನ್ನಿ ಎಂಬಿಬ್ಬರು ಹಳೆಯ ಫಲಕಗಳ ಮೇಲೆ ಪಾರದರ್ಶಕ ಚೀಟಿ ಅಂಟಿಸತೊಡಗಿದರು. ಅದರಲ್ಲಿದ್ದ ವ್ಯಕ್ತಿ ಮುಂದಕ್ಕೆ ಬಾಗಿ, ಕೈ ಹಿಂದಕ್ಕೆ ಬೀಸಿ ತನ್ನ ಗಾಲಿಯನ್ನು ತಾನೇ ತಳ್ಳಿಕೊಳ್ಳುತ್ತಿದ್ದ. ಅನುಮತಿಯಿಲ್ಲದೆ ಬೀದಿಯಲ್ಲಿ ಆರಂಭವಾದ ಈ ಕೆಲಸ 2014ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಹೊಸ ಚಿಹ್ನೆಯನ್ನು ಕಾನೂನಿನ ಮೂಲಕ ಅಂಗೀಕರಿಸಿತು.

ಆದರೆ ಇದಕ್ಕೆ ವಿಕಲಚೇತನರ ವಲಯದಿಂದಲೇ ಆಕ್ಷೇಪ ಬಂದಿತೆಂಬುದು ಗಮನಾರ್ಹ. ಹೊಸ ಚಿತ್ರ ಕ್ರೀಡಾಪಟುವಿನಂತಿದೆ, ಕೈ ಬಳಸಲಾಗದವರು, ಇನ್ನೊಬ್ಬರ ನೆರವಿನಿಂದ ಚಲಿಸುವವರು ಇದರಲ್ಲಿ ಇಲ್ಲ ಎಂದು ಕೆಲವರು ವಾದಿಸಿದರು. ಚಿಹ್ನೆ ಬದಲಾದರೂ ಅದು ತೋರಿಸುವ ಬಾಗಿಲು ಬದಲಾಗಲಿಲ್ಲವೆಂಬುದು ಇನ್ನು ಕೆಲವರ ಮಾತು. ಯೋಜನೆಯನ್ನು ಆರಂಭಿಸಿದವರು ಸ್ವತಃ ವಿಕಲಚೇತನರಲ್ಲ ಎಂಬ ಅಂಶವೂ ಚರ್ಚೆಗೆ ಬಂದಿತು. ಯಾರ ಬಗ್ಗೆ ಕಲೆಯೋ ಅವರೇ ಅದರ ಕರ್ತೃಗಳಾಗಬೇಕಲ್ಲವೇ ಎಂಬ ಪ್ರಶ್ನೆ ಈ ಕ್ಷೇತ್ರದಲ್ಲಿ ಇಂದಿಗೂ ಜೀವಂತವಾಗಿದೆ.

ಕಲೆಯಿಂದ ಆದದ್ದೇನು?

ವೆಸೆಲ್‌ನ ಕತೆಗೆ ಮರಳಬಹುದು. 2019ರ ಡಿಸೆಂಬರಿನಲ್ಲಿ, ಅಮೆರಿಕದ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದಂತೆ, ಮೇಲಿನ ಹಂತಗಳನ್ನು ತಲುಪಲು ವಿಶೇಷ ಲಿಫ್ಟ್ ವ್ಯವಸ್ಥೆ ಮಾಡಲು ನಿರ್ಮಾಪಕರು ಸಮ್ಮತಿಸಿದರು. ಇದರ ಶ್ರೇಯವನ್ನೆಲ್ಲ ಒಂದು ದಿನದ ಕಲಾಕೂಟಕ್ಕೆ ಸಲ್ಲಿಸುವುದು ಸರಿಯಾಗಲಾರದು. ಒತ್ತಡ ತಂದದ್ದು 1990ರ ಕಾನೂನು. ಕಲೆ ಮಾಡಿದ್ದು ಬೇರೆಯದೇ ಕೆಲಸ. ಭವ್ಯ ರಚನೆಯೊಂದನ್ನು ಜನ ಮೆಚ್ಚಿ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿಯೇ, ಆ ಭವ್ಯತೆ ಯಾರನ್ನು ಕೆಳಗೆ ಬಿಟ್ಟಿದೆ ಎಂಬುದನ್ನು ಅದು ತೋರಿಸಿತು. ಕಾನೂನು ಕನಿಷ್ಠ ಏನಿರಬೇಕು ಎಂಬುದನ್ನು ಹೇಳುತ್ತದೆ. ಕೆಳಗೆ ಉಳಿದವರ ಸಹವಾಸವೂ ಸೊಗಸಾಗಿರಬಹುದು, ಮೇಲಕ್ಕೇರುವುದೊಂದೇ ಸುಖವಲ್ಲ ಎಂಬುದನ್ನು ಹೇಳಲು ಕಲೆಯೇ ಬೇಕಾಯಿತು.

ಶಾನನ್ ಅವರು 2018ರಿಂದ ಗ್ಯಾಲರಿಗಳಲ್ಲಿ ಇಡುತ್ತಿರುವ ನೀಲಿ ಬೆಂಚುಗಳೂ ಇದೇ ಜಾಡಿನವು. ಪ್ರದರ್ಶನ ತಮ್ಮನ್ನು ತೀರಾ ಹೊತ್ತು ನಿಲ್ಲಿಸಿದೆ, ಒಪ್ಪುವವರು ಕುಳಿತುಕೊಳ್ಳಿ ಎಂಬ ಅರ್ಥದ ಮಾತುಗಳು ಅವುಗಳ ಮೇಲಿರುತ್ತವೆ. ಕುಳಿತವರು ದಣಿವಾರಿಸಿಕೊಳ್ಳುವುದರ ಜೊತೆಗೆ ತಮಗರಿವಿಲ್ಲದೆಯೇ ಒಂದು ಬೇಡಿಕೆಗೆ ಸಹಿ ಹಾಕಿದಂತಾಗುತ್ತದೆ. ವೃದ್ಧರು, ಗರ್ಭಿಣಿಯರು, ಮಂಡಿ ನೋವಿನವರು ಎಲ್ಲರೂ ಆ ಸಹಿದಾರರೇ.

ಇಂತಹ ಕಲೆಗೆ ಮಿತಿಗಳಿಲ್ಲದಿಲ್ಲ. ಸಂಸ್ಥೆಗಳು ವಿಕಲಚೇತನ ಕಲಾವಿದರ ಒಂದು ಪ್ರದರ್ಶನ ಏರ್ಪಡಿಸಿ, ತಮ್ಮ ಕಟ್ಟಡದ ಮೆಟ್ಟಿಲುಗಳನ್ನು ಹಾಗೆಯೇ ಉಳಿಸಿಕೊಳ್ಳುವ ಅಪಾಯವಿದೆ. ಕಲಾವಿದರನ್ನು ಬಿಟ್ಟಿ ಸಲಹೆಗಾರರನ್ನಾಗಿ ಬಳಸಿಕೊಳ್ಳುವ ಪ್ರವೃತ್ತಿಯೂ ಇದೆ. ಪ್ರದರ್ಶನ ಮುಗಿದು ಬೆಂಚು ತೆಗೆದ ಮೇಲೆ ಮತ್ತೆ ನಿಲ್ಲುವುದೇ ಗತಿಯಾದರೆ ಕಲೆ ಒಂದು ಅಲಂಕಾರವಾಗಿ ಉಳಿಯುತ್ತದೆ.

ನಮ್ಮ ಬೀದಿಗಳ ಮಾತು

ತಾತ್ಕಾಲಿಕ ಇಳಿಜಾರಿನ ಅನುಭವ ಭಾರತಕ್ಕೆ ಹೊಸದಲ್ಲ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2001ರ ಜನವರಿಯಲ್ಲಿ ದಿಲ್ಲಿಗೆ ಬಂದಾಗ, ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಅವರ ಒತ್ತಾಯದಿಂದ ಕುತುಬ್ ಮಿನಾರ್ ಸೇರಿದಂತೆ ಕೆಲವು ಸ್ಮಾರಕಗಳಿಗೆ ಮರದ ಇಳಿಜಾರುಗಳನ್ನು ಅಳವಡಿಸಲಾಗಿತ್ತು. ಒಬ್ಬ ವಿಶ್ವವಿಖ್ಯಾತ ಅತಿಥಿಗೆ ಸಾಧ್ಯವಾದದ್ದು ಈ ದೇಶದ ನಾಗರಿಕರಿಗೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಅಂದೇ ಎದ್ದಿತ್ತು. 2011ರ ಜನಗಣತಿಯಂತೆ ದೇಶದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ. ಕರ್ನಾಟಕದಲ್ಲಿ 13.24 ಲಕ್ಷ.

ಕಾನೂನಿನ ಕೊರತೆಯಿದೆ ಎನ್ನುವಂತಿಲ್ಲ. 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ಹೇಳಿತು. ನಿಯಮಗಳು ಬಂದದ್ದು 2017ರಲ್ಲಿ. ಆ ಗಡುವು 2022ಕ್ಕೇ ಮುಗಿಯಿತು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ನೀಡಿದ ತೀರ್ಪು ಮಹತ್ವದ್ದು. ಕಾಯ್ದೆ ಕಡ್ಡಾಯವೆಂದದ್ದನ್ನು ನಿಯಮಗಳು ಬರಿಯ ಮಾರ್ಗಸೂಚಿಯಾಗಿಸಿವೆ ಎಂದು ಹೇಳಿದ ನ್ಯಾಯಾಲಯ, 2017ರ ನಿಯಮಗಳಲ್ಲಿನ 15(1)ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ಸಾರಿತು. ರಾಜಿಯಿಲ್ಲದ ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ರಸ್ತೆಗಳ ವಿಷಯದಲ್ಲೂ ಕಾಗದದ ಮೇಲೆ ಲೆಕ್ಕ ಸ್ಪಷ್ಟವಾಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಯಾವುದೇ ಊರಿನ ನಾಗರಿಕರು ತಮ್ಮ ಮನೆಯ ಮುಂದಿನ ಬೀದಿಯನ್ನು ಒಮ್ಮೆ ಅಳೆದು ನೋಡಬಹುದು. ದ್ವಿಚಕ್ರ ವಾಹನ ನುಗ್ಗದಿರಲೆಂದು ನೆಟ್ಟ ಕಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ದೃಷ್ಟಿಹೀನರ ಪಾದಕ್ಕೆ ದಾರಿ ತೋರಿಸುವ ಉಬ್ಬುಗೆರೆಯ ಹಳದಿ ಹೆಂಚುಗಳು ಮರದ ಬುಡಕ್ಕೋ ವಿದ್ಯುತ್ ಪೆಟ್ಟಿಗೆಗೋ ಹೋಗಿ ಮುಗಿಯುವುದು ಅಪರೂಪವಲ್ಲ. ಈ ಹೆಂಚುಗಳನ್ನು ರೂಪಿಸಿದವರು ಜಪಾನಿನ ಸೇಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಅವುಗಳನ್ನು ಮೊದಲು ಹಾಸಿದಾಗ ಪ್ರತಿ ಹೆಂಚಿಗೂ ಒಂದು ಅರ್ಥವಿತ್ತು. ಅರ್ಥ ತಿಳಿಯದೆ ಹಾಸಿದರೆ ಅದು ಬಣ್ಣದ ನೆಲಹಾಸು ಮಾತ್ರ.

ಬೀದಿಯೇ ಕಲೆಯ ಫಲಕವಾಗಬಲ್ಲದು ಎಂಬುದು ಕನ್ನಡಿಗರಿಗೆ ತಿಳಿಯದ ಸಂಗತಿಯೇನಲ್ಲ. ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ 2015ರಲ್ಲಿ ಮೊಸಳೆಯನ್ನಿಟ್ಟ, 2019ರಲ್ಲಿ ಗುಂಡಿಗಳ ನಡುವೆ ಗಗನಯಾತ್ರಿಯನ್ನು ನಡೆಸಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೃತಿಗಳನ್ನು ಲಕ್ಷಾಂತರ ಜನ ನೋಡಿ ನಕ್ಕರು. ನಗುವಿನ ಬೆನ್ನಿಗೇ ಅಧಿಕಾರಿಗಳು ಗುಂಡಿ ಮುಚ್ಚಲು ಧಾವಿಸಿದರು. ಆದರೆ ಗುಂಡಿ ಎಲ್ಲ ವಾಹನ ಸವಾರರಿಗೂ ಕಾಣುವ ತೊಂದರೆ. ಆರು ಅಂಗುಲದ ಅಂಚುಗಲ್ಲು ಹಾಗಲ್ಲ. ಅದನ್ನು ಸಲೀಸಾಗಿ ದಾಟಿ ಹೋಗುವವರಿಗೆ ಅದು ತೊಂದರೆಯೆಂದೇ ತೋರುವುದಿಲ್ಲ.

ಆ ಅಂಚುಗಲ್ಲನ್ನು ಕಾಣುವಂತೆ ಮಾಡಬಲ್ಲವರು ಅದರ ಮುಂದೆ ದಿನವೂ ನಿಲ್ಲುವವರೇ. ನ್ಯೂಯಾರ್ಕಿನ ಇಳಿಜಾರು, ಸಾಂಟಾ ಆನಾದ ವಾದ್ಯವೃಂದ, ಮ್ಯಾಂಚೆಸ್ಟರಿನ ಅಡಿಬರಹ ಇವೆಲ್ಲ ಹೇಳುವುದು ಅದನ್ನೇ. ಕರ್ನಾಟಕದ ಕಲಾಶಾಲೆಗಳ, ಗ್ಯಾಲರಿಗಳ ಬಾಗಿಲಿನ ಮುಂದೆ ಎಷ್ಟು ಮೆಟ್ಟಿಲುಗಳಿವೆ ಎಂದು ಎಣಿಸುವುದರಿಂದಲೇ ಇಲ್ಲಿನ ಕೆಲಸ ಆರಂಭವಾಗಬಹುದು. ಆ ಮೆಟ್ಟಿಲುಗಳಾಚೆ ಕಲಿಯಬೇಕಾದ ಒಬ್ಬ ಕಲಾವಿದೆ ಕೆಳಗೇ ಉಳಿದಿದ್ದರೆ, ನಗರ ಕಳೆದುಕೊಂಡಿರುವುದು ಒಬ್ಬ ವಿದ್ಯಾರ್ಥಿನಿಯನ್ನಷ್ಟೇ ಅಲ್ಲ, ತನ್ನನ್ನು ತಾನು ನೋಡಿಕೊಳ್ಳಬಹುದಾಗಿದ್ದ ಒಂದು ಕನ್ನಡಿಯನ್ನು.